ಹರಾಜಿನಲ್ಲಿ ಬೆಲೆ ಕಟ್ಟುವವನು ಯಾರು?

ಬೆಂಗಳೂರಿನ ಪೂರ್ವದಿಕ್ಕಿನಲ್ಲಿ, ಹಳೆಯ ಮದರಾಸು ರಸ್ತೆಯ ಬದಿಯಲ್ಲಿರುವ ಬೈಯಪ್ಪನಹಳ್ಳಿಯನ್ನು ಇಂದಿನ ವಿದ್ಯಾರ್ಥಿಗಳು ಬಲ್ಲುದು ಮೆಟ್ರೋ ರೈಲಿನಿಂದ. 2011ನೆಯ ಇಸವಿಯ ಅಕ್ಟೋಬರ್ 20ರಂದು ‘ನಮ್ಮ ಮೆಟ್ರೋ’ದ ಮೊಟ್ಟಮೊದಲ ಸಂಚಾರವು ಬೈಯಪ್ಪನಹಳ್ಳಿಗೂ ಮಹಾತ್ಮ ಗಾಂಧಿ ರಸ್ತೆಗೂ ನಡುವೆ ಆರಂಭವಾಯಿತು. ಅದಕ್ಕೆ ಒಂದೆರಡು ತಲೆಮಾರುಗಳ ಹಿಂದೆ ಈ ಸ್ಥಳಕ್ಕೆ ಹೆಸರು ತಂದಿದ್ದುದು ಎನ್.ಜಿ.ಇ.ಎಫ್. ಎಂಬ ಸರ್ಕಾರಿ ಕಾರ್ಖಾನೆ. ಜರ್ಮನಿಯ ಎ.ಇ.ಜಿ. ಸಂಸ್ಥೆಯ ಸಹಯೋಗದಿಂದ ನಡೆಯುತ್ತಿದ್ದ ಈ ಕಾರ್ಖಾನೆಯಲ್ಲಿ ವಿದ್ಯುತ್ ಮೋಟರುಗಳೂ ಪರಿವರ್ತಕಗಳೂ ತಯಾರಾಗುತ್ತಿದ್ದವು. ಈ ಶತಮಾನದ ಆರಂಭದಲ್ಲಿ ಕಾರ್ಖಾನೆಯ ಸದ್ದು ಅಡಗಿತು. ಆದರೆ ಅದರ ಹೆಸರಿನ ತಗಡನ್ನು ಹೊತ್ತ ಹಳೆಯ ಮೋಟರುಗಳು ಇನ್ನೂ ಅಲ್ಲಲ್ಲಿ ಉಳಿದುಕೊಂಡಿರುವುದುಂಟು.

ಅಂತಹ ಒಂದು ಮೋಟರು ಬೈಯಪ್ಪನಹಳ್ಳಿಯ ಒಂದು ಮನೆಯ ಹಿತ್ತಿಲಿನಲ್ಲಿ ಧೂಳು ಹಿಡಿದು ಕುಳಿತಿದೆಯೆಂದು ಭಾವಿಸೋಣ. ಬೀದಿಯಲ್ಲಿ ಬರುವ ಗುಜರಿಯವನನ್ನು ಕರೆದರೆ ಅವನು ಕಬ್ಬಿಣಕ್ಕಿಷ್ಟು, ತಾಮ್ರಕ್ಕಿಷ್ಟು ಎಂದು ತೂಕ ಹಾಕಿ, 600 ರೂಪಾಯಿ ಕೊಡುತ್ತೇನೆ ಎನ್ನುತ್ತಾನೆ. ಮೋಟರಿನ ಬೆಲೆ ಅಷ್ಟೇ ಏನು? ಇದೇ ಮಾದರಿಯ ಮೋಟರನ್ನು ಇನ್ನೂ ಓಡಿಸುತ್ತಿರುವ ಒಬ್ಬ ಗಿರಣಿಯವನು ತುಮಕೂರಿನಲ್ಲಿರಬಹುದು. ಬಿಡಿ ಭಾಗಗಳಿಗಾಗಿ ಅವನು ಊರೆಲ್ಲ ಅಲೆಯುತ್ತಿರಬಹುದು. ಕೋಲಾರದಲ್ಲಿ ಒಬ್ಬ ರೈತನಿಗೆ ಪಂಪಿಗೆ ಜೋಡಿಸಲು ಇಂಥದೇ ಬೇಕಾಗಿರಬಹುದು. ಹಳೆಯ ಯಂತ್ರಗಳನ್ನು ಸಂಗ್ರಹಿಸುವ ಹವ್ಯಾಸಿಯೊಬ್ಬನು ಮೈಸೂರಿನಲ್ಲಿರಬಹುದು. ಇವರಿಗೆ ಈ ಮೋಟರು ಇರುವುದು ತಿಳಿಯದು. ಮನೆಯವರಿಗೆ ಇವರಿರುವುದು ತಿಳಿಯದು. ಒಂದು ವಸ್ತುವಿನ ಬೆಲೆ ಯಾರಿಗೂ ಪೂರ್ತಿಯಾಗಿ ಗೊತ್ತಿಲ್ಲದಿರುವಾಗ ಅದನ್ನು ಹುಡುಕಿ ತೆಗೆಯಲು ಮನುಷ್ಯನು ಕಂಡುಹಿಡಿದಿರುವ ಉಪಾಯವೇ ಹರಾಜು. ಇಂದು ಅದು ಅಂತರ್ಜಾಲದ ಮೇಲೆ ನಡೆಯುತ್ತಿದೆ. ಅಲ್ಲಿ ಮಾರುವವನಿಗೆ ಒಳ್ಳೆಯ ಬೆಲೆ ಸಿಕ್ಕುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಸಂತೆಯಿಂದ ಅಂತರ್ಜಾಲಕ್ಕೆ

ಬೆಲೆಯನ್ನು ಗೊತ್ತುಮಾಡಲು ನಮ್ಮ ನಾಡಿನಲ್ಲಿ ಹಲವು ಪದ್ಧತಿಗಳಿವೆ. ದನಗಳ ಜಾತ್ರೆಯಲ್ಲಿ ಕೊಳ್ಳುವವನೂ ಮಾರುವವನೂ ಟವಲಿನ ಕೆಳಗೆ ಕೈಯಿಟ್ಟು, ಬೆರಳುಗಳನ್ನು ಹಿಡಿದು ವ್ಯಾಪಾರ ಮಾಡುವುದನ್ನು ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ಅಲ್ಲಿ ಬೆಲೆಯು ಇಬ್ಬರ ನಡುವಣ ಗುಟ್ಟು. ದೇವಸ್ಥಾನದ ತೆಂಗಿನಕಾಯಿಯನ್ನೋ ಕೆರೆಯ ಮೀನನ್ನೋ ಹರಾಜು ಹಾಕುವಾಗ ಇದಕ್ಕೆ ವಿರುದ್ಧವಾಗಿ ಎಲ್ಲರಿಗೂ ಕೇಳುವಂತೆ ಸವಾಲು ಕೂಗುತ್ತಾರೆ. ‘ಒಂದು ಸಾರಿ, ಎರಡು ಸಾರಿ, ಮೂರು ಸಾರಿ’ ಎಂದೊಡನೆ ವಸ್ತು ಕಡೆಯದಾಗಿ ಕೂಗಿದವನದು. ಮಲೆನಾಡಿನ ಅಡಕೆ ವ್ಯಾಪಾರದಲ್ಲಿ ಇನ್ನೊಂದು ಕ್ರಮವುಂಟು. ಪ್ರತಿಯೊಬ್ಬ ವ್ಯಾಪಾರಿಯೂ ತನ್ನ ಬೆಲೆಯನ್ನು ಗುಟ್ಟಾಗಿ ಬರೆದು ಕೊಡುತ್ತಾನೆ. ಎಲ್ಲವನ್ನೂ ತೆರೆದು ನೋಡಿ ಹೆಚ್ಚಿನ ಬೆಲೆ ಬರೆದವನಿಗೆ ಮಾಲನ್ನು ಕೊಡುತ್ತಾರೆ. ಇದು ಟೆಂಡರು.

1995ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಪಿಯರ್ ಒಮಿಡ್ಯಾರ್ ಎಂಬ ಯುವಕನು ಈ ಕೂಗು ಹರಾಜನ್ನು ಅಂತರ್ಜಾಲಕ್ಕೆ ತಂದನು. ಮುಂದೆ ‘ಈಬೇ’ ಎಂದು ಹೆಸರಾದ ಆ ತಾಣದಲ್ಲಿ ಮೊದಲು ಮಾರಾಟವಾದುದು ಕೆಟ್ಟುಹೋಗಿದ್ದ ಒಂದು ಲೇಸರ್ ಸೂಚಕ ಎಂದು ಆ ಸಂಸ್ಥೆಯೇ ಹೇಳಿಕೊಳ್ಳುತ್ತದೆ. ಅದಕ್ಕೆ ಬಂದ ಬೆಲೆ 14 ಡಾಲರು 83 ಸೆಂಟು. ‘ಇದು ಕೆಟ್ಟಿದೆಯೆಂಬುದು ನಿಮಗೆ ತಿಳಿದಿದೆಯಷ್ಟೆ?’ ಎಂದು ಒಮಿಡ್ಯಾರ್ ಕೇಳಿದಾಗ, ತಾನು ಕೆಟ್ಟ ಲೇಸರ್ ಸೂಚಕಗಳನ್ನೇ ಸಂಗ್ರಹಿಸುವವನೆಂದು ಕೊಂಡವನು ಉತ್ತರಿಸಿದನಂತೆ. ಒಬ್ಬರ ಕಸ ಇನ್ನೊಬ್ಬರ ಕಣಜವಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಭಾರತದಲ್ಲಿ ಇಂತಹ ವ್ಯಾಪಾರಕ್ಕೆ 2000ದ ಸುಮಾರಿನಲ್ಲಿ ದಾರಿ ತೆರೆದುದು ‘ಬಾಜೀ’ ಎಂಬ ತಾಣ. 2004ರಲ್ಲಿ ಈಬೇ ಅದನ್ನು ಕೊಂಡುಕೊಂಡಿತು. 2017ರಲ್ಲಿ ಈಬೇಯ ಭಾರತದ ಶಾಖೆಯು ಬೆಂಗಳೂರಿನ ಫ್ಲಿಪ್‌ಕಾರ್ಟ್ ಸಂಸ್ಥೆಯ ಕೈಸೇರಿ, 2018ರ ಆಗಸ್ಟಿನಲ್ಲಿ ಮುಚ್ಚಿತು. ಇದರಿಂದ ಹರಾಜಿನ ಕಾಲ ಮುಗಿಯಿತೆಂದು ತಿಳಿಯಬಾರದು. ಹೊಸ ಸಾಬೂನಿಗೆ ಹರಾಜು ಏತಕ್ಕೆ? ಅದರ ಬೆಲೆ ಎಲ್ಲರಿಗೂ ಗೊತ್ತು. ಬೆಲೆ ಗೊತ್ತಿಲ್ಲದ ವಸ್ತುಗಳಿಗೆ ಮಾತ್ರ ಹರಾಜು ಬೇಕು. ಅಲ್ಲಿ ಅದು ಈಗಲೂ ಭರದಿಂದ ಸಾಗಿದೆ. ರೈಲ್ವೆ ಇಲಾಖೆಯು ಸವೆದ ಹಳಿ, ಹಳೆಯ ಗಾಲಿ ಮುಂತಾದ ಗುಜರಿಯನ್ನು ಮಾರುವುದು ಅಂತರ್ಜಾಲದ ಹರಾಜಿನಲ್ಲಿ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ತನ್ನ ಮೂಲೆ ನಿವೇಶನಗಳನ್ನು ಹೀಗೆಯೇ ಮಾರಿದೆ. ನಾಣ್ಯ, ಅಂಚೆಚೀಟಿ, ಹಳೆಯ ಚಿತ್ರಗಳು ಇವೂ ಇದೇ ದಾರಿಯಲ್ಲಿ ಕೈಬದಲಾಗುತ್ತಿವೆ. ನಮ್ಮ ರೈತರ ಧಾನ್ಯದ ವಿಷಯವನ್ನು ಮುಂದೆ ಹೇಳುತ್ತೇವೆ.

ಸೋತವನ ಕೈಯಲ್ಲಿ ಬೆಲೆ

ಹರಾಜಿನಲ್ಲಿ ಬೆಲೆಯನ್ನು ಕಟ್ಟುವವನು ಯಾರು? ಗೆದ್ದವನು ಎಂದು ಥಟ್ಟನೆ ಉತ್ತರ ಬರುತ್ತದೆ. ಸ್ವಲ್ಪ ಯೋಚಿಸಿ ನೋಡೋಣ. ನಮ್ಮ ಮೋಟರಿಗೆ ತುಮಕೂರಿನ ಗಿರಣಿಯವನು 5000 ರೂಪಾಯಿಯವರೆಗೂ ಕೊಡಲು ಸಿದ್ಧನಿದ್ದಾನೆ. ಕೋಲಾರದ ರೈತನು 3000 ರೂಪಾಯಿಯವರೆಗೆ. ಮೈಸೂರಿನ ಹವ್ಯಾಸಿ 1500ರವರೆಗೆ. ಹರಾಜು ಏರುತ್ತ ಹೋದಂತೆ 1500ರಲ್ಲಿ ಹವ್ಯಾಸಿ ಸುಮ್ಮನಾಗುತ್ತಾನೆ. 3000ದಲ್ಲಿ ರೈತನು ಹಿಂಜರಿಯುತ್ತಾನೆ. ಗಿರಣಿಯವನು 3050 ಎನ್ನುತ್ತಾನೆ, ಮೋಟರು ಅವನದಾಗುತ್ತದೆ. ಅವನ ಮನಸ್ಸಿನಲ್ಲಿದ್ದ 5000 ರೂಪಾಯಿ ಯಾರಿಗೂ ತಿಳಿಯಲೇ ಇಲ್ಲ. ಬೆಲೆ ನಿಂತುದು ರೈತನು ನಿಂತ ಕಡೆಯಲ್ಲಿ. ಗೆದ್ದವನು ವಸ್ತುವನ್ನು ಒಯ್ದನು. ಬೆಲೆಯನ್ನು ಕಟ್ಟಿದವನು ಸೋತವನು, ಅದರಲ್ಲಿಯೂ ಸೋತವರಲ್ಲಿ ಮೊದಲನೆಯವನು.

ಕೊಲಂಬಿಯ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ಈ ವಿಷಯವನ್ನು ಗಣಿತದ ಕಟ್ಟಿಗೆ ತಂದರು. ಅವರು ಒಂದು ವಿಚಿತ್ರ ಹರಾಜನ್ನು ಕಲ್ಪಿಸಿಕೊಂಡರು. ಎಲ್ಲರೂ ತಮ್ಮ ಬೆಲೆಯನ್ನು ಗುಟ್ಟಾಗಿ ಬರೆದು ಕೊಡಬೇಕು. ಹೆಚ್ಚಿನ ಬೆಲೆ ಬರೆದವನಿಗೆ ವಸ್ತು. ಆದರೆ ಅವನು ತೆರಬೇಕಾದುದು ತನ್ನ ಬೆಲೆಯನ್ನಲ್ಲ, ಎರಡನೆಯವನು ಬರೆದ ಬೆಲೆಯನ್ನು. ಹೀಗೆ ಮಾಡಿದರೆ ಪ್ರತಿಯೊಬ್ಬನಿಗೂ ತನ್ನ ಮನಸ್ಸಿನ ನಿಜವಾದ ಬೆಲೆಯನ್ನು ಬರೆಯುವುದೇ ಲಾಭಕರ. ಕಡಿಮೆ ಬರೆದರೆ ಕೊಡಬೇಕಾದ ಹಣವೇನೂ ಕಡಿಮೆಯಾಗದು, ಕೈಗೆ ಬರಬಹುದಾಗಿದ್ದ ವಸ್ತು ಮಾತ್ರ ತಪ್ಪಿಹೋದೀತು. ಹೆಚ್ಚು ಬರೆದರೆ ತನಗೆ ಮೀರಿದ ಬೆಲೆಗೆ ವಸ್ತು ಕೊರಳಿಗೆ ಬಿದ್ದೀತು. ವಿಕ್ರಿಯವರಿಗೆ 1996ರಲ್ಲಿ ನೊಬೆಲ್ ಬಹುಮಾನ ಘೋಷಿತವಾಯಿತು. ಘೋಷಣೆಯಾದ ಮೂರನೆಯ ದಿನವೇ ಅವರು ತೀರಿಕೊಂಡರು. ಈಬೇಯಂತಹ ತಾಣಗಳಲ್ಲಿ ಕೊಳ್ಳುವವನು ತನ್ನ ಗರಿಷ್ಠ ಬೆಲೆಯನ್ನು ಯಂತ್ರಕ್ಕೆ ಒಮ್ಮೆ ಹೇಳಿಟ್ಟರೆ ಸಾಕು. ಅವನ ಪರವಾಗಿ ಯಂತ್ರವೇ ಎದುರಾಳಿಗಿಂತ ಒಂದು ಮೆಟ್ಟಿಲು ಮೇಲೆ ಕೂಗುತ್ತ ಹೋಗುತ್ತದೆ. ಇದು ಬಹುಮಟ್ಟಿಗೆ ವಿಕ್ರಿಯವರ ಹರಾಜೇ ಸರಿ.

ಒಬ್ಬನು ಹೆಚ್ಚಾದರೆ ಎಷ್ಟು ಹೆಚ್ಚು?

ಬೆಲೆಯು ಎರಡನೆಯವನನ್ನು ಅವಲಂಬಿಸಿದೆಯೆಂದ ಮೇಲೆ ಮಾರುವವನ ಮುಖ್ಯ ಕೆಲಸವೇನೆಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ. ಒಬ್ಬ ಗಿರಾಕಿಯ ಮನವೊಲಿಸುವುದಕ್ಕಿಂತ ಇನ್ನೊಬ್ಬ ಗಿರಾಕಿಯನ್ನು ಕರೆತರುವುದು ಮೇಲು. ಎಷ್ಟು ಮೇಲು ಎಂಬುದನ್ನು ಲೆಕ್ಕ ಹಾಕಿ ನೋಡಬಹುದು.

ಮೋಟರನ್ನು ಬಯಸುವ ಪ್ರತಿಯೊಬ್ಬನ ಮನಸ್ಸಿನ ಬೆಲೆಯೂ ಸೊನ್ನೆಗೂ 6000 ರೂಪಾಯಿಗೂ ನಡುವೆ ಎಲ್ಲಿಯಾದರೂ ಇರಬಹುದೆಂದೂ, ಎಲ್ಲ ಬೆಲೆಗಳಿಗೂ ಸಮಾನ ಸಂಭವವಿದೆಯೆಂದೂ ಇಟ್ಟುಕೊಳ್ಳೋಣ. ಲೆಕ್ಕ ಸರಳವಾಗಲೆಂದು ಗುಜರಿಯವನನ್ನು ಸದ್ಯಕ್ಕೆ ಮರೆತುಬಿಡೋಣ. ಒಂದು ಗೆರೆಯ ಮೇಲೆ ಮನಬಂದಂತೆ ಇಬ್ಬರು ಎರಡು ಚುಕ್ಕೆಗಳನ್ನಿಟ್ಟರೆ, ಸರಾಸರಿಯಲ್ಲಿ ಅವು ಗೆರೆಯನ್ನು ಮೂರು ಸಮಭಾಗ ಮಾಡುತ್ತವೆ. ಕೆಳಗಿನ ಚುಕ್ಕೆ, ಎಂದರೆ ಎರಡನೆಯವನ ಬೆಲೆ, 2000 ರೂಪಾಯಿಯ ಹತ್ತಿರ ಬೀಳುತ್ತದೆ. ಮೂವರಿದ್ದರೆ ಗೆರೆ ನಾಲ್ಕು ಭಾಗವಾಗುತ್ತದೆ. ಮೇಲಿನಿಂದ ಎರಡನೆಯ ಚುಕ್ಕೆ ಇರುವುದು 3000ದಲ್ಲಿ. ಐವರಿದ್ದರೆ 4000. ಹನ್ನೊಂದು ಮಂದಿಯಿದ್ದರೆ 5000. ಒಬ್ಬನೇ ಇದ್ದರೋ ಅವನಿಗೆ ಎದುರಾಳಿಯೇ ಇಲ್ಲ. ಅವನು ಕೂಗಿದ್ದೇ ಬೆಲೆ.

ಈ ಅಂಕಿಗಳನ್ನು ಗಮನಿಸಬೇಕು. ಎರಡನೆಯವನು ಬಂದುದರಿಂದ ಆದ ಲಾಭ 2000 ರೂಪಾಯಿ. ಮೂರನೆಯವನಿಂದ ಇನ್ನೊಂದು ಸಾವಿರ. ಮುಂದಿನ ಸಾವಿರಕ್ಕೆ ಇಬ್ಬರು ಬೇಕು. ಅದರ ಮುಂದಿನ ಸಾವಿರಕ್ಕೆ ಆರು ಮಂದಿ. ಎಂದರೆ ಗಿರಾಕಿಗಳು ವಿರಳವಾಗಿರುವ ಕಡೆಯಲ್ಲಿಯೇ ಒಬ್ಬೊಬ್ಬ ಹೊಸ ಗಿರಾಕಿಗೂ ಹೆಚ್ಚಿನ ಬೆಲೆಯುಂಟು. ವಿದ್ಯಾರ್ಥಿಗಳು ಇದನ್ನು ತರಗತಿಯಲ್ಲಿಯೇ ಪರೀಕ್ಷಿಸಬಹುದು. 1ರಿಂದ 60ರವರೆಗೆ ಸಂಖ್ಯೆ ಬರೆದ ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿ, ಎರಡು, ಮೂರು, ಐದು ಹೀಗೆ ಚೀಟಿಗಳನ್ನೆತ್ತಿ, ಪ್ರತಿಸಲವೂ ಎರಡನೆಯ ದೊಡ್ಡ ಸಂಖ್ಯೆಯನ್ನು ಬರೆದುಕೊಂಡು, ಐವತ್ತು ಸಲವಾದ ಮೇಲೆ ಸರಾಸರಿ ತೆಗೆದರೆ ಮೇಲಿನ ಅಂಕಿಗಳಿಗೆ ಹತ್ತಿರದ ಉತ್ತರ ಬರುವುದು.

‘ಟೆಂಡರಿನಲ್ಲಿ ಗೆದ್ದವನು ತಾನು ಬರೆದುದನ್ನೇ ಕೊಡಬೇಕಷ್ಟೆ, ಅಲ್ಲಿಯೂ ಎರಡನೆಯವನ ಮಾತೇಕೆ?’ ಎಂದು ಕೆಲವರು ಕೇಳಬಹುದು. ಟೆಂಡರಿನಲ್ಲಿ ಜಾಣನಾದವನು ತನ್ನ ಮನಸ್ಸಿನ ಬೆಲೆಯನ್ನು ಪೂರ್ತಿಯಾಗಿ ಬರೆಯುವುದಿಲ್ಲ. ಬರೆದರೆ ಗೆದ್ದೂ ಲಾಭವಿಲ್ಲ. ನಮ್ಮ ಲೆಕ್ಕದ ಪ್ರಕಾರ ಇಬ್ಬರೇ ಇದ್ದರೆ ಅವನು ಮನಸ್ಸಿನ ಬೆಲೆಯ ಅರ್ಧವನ್ನು ಬರೆಯುವುದು ಯುಕ್ತ. ಐವರಿದ್ದರೆ ಐದರಲ್ಲಿ ನಾಲ್ಕು ಪಾಲನ್ನು. ಇಬ್ಬರಲ್ಲಿ ಮೇಲಿನವನ ಮನಸ್ಸಿನ ಬೆಲೆ ಸರಾಸರಿ 4000. ಅದರ ಅರ್ಧ 2000. ಐವರಲ್ಲಿ ಮೇಲಿನವನದು 5000; ಅದರ ಐದರಲ್ಲಿ ನಾಲ್ಕು ಪಾಲು 4000. ಕೂಗು ಹರಾಜಿನಲ್ಲಿ ಬಂದ ಅಂಕಿಗಳೇ ಇಲ್ಲಿಯೂ ಬಂದುವಲ್ಲವೆ? ಟೆಂಡರಿನಲ್ಲಿ ಎರಡನೆಯವನು ಕಣ್ಣಿಗೆ ಕಾಣುವುದಿಲ್ಲ, ಆದರೆ ಅವನ ಭಯವು ಗೆಲ್ಲುವವನ ಲೇಖನಿಯನ್ನು ನಡೆಸುತ್ತದೆ. ಈ ಸಮಾನತೆಯನ್ನು ತೋರಿಸಿಕೊಟ್ಟವರೂ ವಿಕ್ರಿಯವರೇ.

ಕನಿಷ್ಠ ಬೆಲೆಯೆಂಬ ಬೇಲಿ

ಮಾರುವವನು ಸಾಮಾನ್ಯವಾಗಿ ಮೊದಲು ಯೋಚಿಸುವುದು ಗಿರಾಕಿಗಳ ಸಂಖ್ಯೆಯನ್ನಲ್ಲ, ಕನಿಷ್ಠ ಬೆಲೆಯನ್ನು. ‘ಇಷ್ಟಕ್ಕಿಂತ ಕೆಳಗೆ ಕೊಡುವುದಿಲ್ಲ’ ಎಂದು ಬೇಲಿ ಹಾಕಿದರೆ ನಷ್ಟವಾಗದೆಂದು ಅವನ ಎಣಿಕೆ. ಇದನ್ನೂ ಲೆಕ್ಕ ಹಾಕೋಣ. ಇಬ್ಬರು ಗಿರಾಕಿಗಳಿದ್ದಾರೆ, ಮಾರುವವನು 3000 ರೂಪಾಯಿಯ ಬೇಲಿ ಹಾಕಿದ್ದಾನೆ. ಒಬ್ಬೊಬ್ಬನ ಮನಸ್ಸಿನ ಬೆಲೆಯೂ 3000ಕ್ಕಿಂತ ಮೇಲಿರುವ ಸಂಭವ ಅರ್ಧ, ಕೆಳಗಿರುವ ಸಂಭವ ಅರ್ಧ. ಆದುದರಿಂದ ನಾಲ್ಕು ಸಮಾನ ಸಂದರ್ಭಗಳು ಒದಗುತ್ತವೆ. ಇಬ್ಬರೂ ಕೆಳಗಿದ್ದರೆ ಮಾರಾಟವೇ ಇಲ್ಲ. ಮೊದಲನೆಯವನೊಬ್ಬನೇ ಮೇಲಿದ್ದರೆ 3000. ಎರಡನೆಯವನೊಬ್ಬನೇ ಮೇಲಿದ್ದರೂ 3000. ಇಬ್ಬರೂ ಮೇಲಿದ್ದರೆ, ಅವರಲ್ಲಿ ಕೆಳಗಿನವನ ಬೆಲೆ ಸರಾಸರಿ 4000. ನಾಲ್ಕನ್ನೂ ಕೂಡಿಸಿದರೆ ಹತ್ತು ಸಾವಿರ. ನಾಲ್ಕರಿಂದ ಭಾಗಿಸಿದರೆ 2500. ಬೇಲಿಯಿಲ್ಲದಿದ್ದರೆ 2000 ಬರುತ್ತಿತ್ತು. ಹೀಗೆ ಬೇಲಿಯಿಂದ 500 ರೂಪಾಯಿಯ ಲಾಭವುಂಟು, ದಿಟ. ಆದರೆ ನಾಲ್ಕರಲ್ಲಿ ಒಂದು ಸಲ ಮೋಟರು ಹಿತ್ತಿಲಿಗೇ ಹಿಂದಿರುಗುತ್ತದೆ.

ಬೇಲಿಯ ಗೊಡವೆಯನ್ನೇ ಬಿಟ್ಟು, ಮೂರನೆಯ ಗಿರಾಕಿಯೊಬ್ಬನನ್ನು ಹುಡುಕಿ ತಂದಿದ್ದರೆ? ಆಗ ಸರಾಸರಿ ಬೆಲೆ 3000. ಜೆರೆಮಿ ಬುಲೋ ಮತ್ತು ಪಾಲ್ ಕ್ಲೆಂಪರರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1996ರಲ್ಲಿ ಇದನ್ನು ಸಾಮಾನ್ಯ ಸೂತ್ರವಾಗಿ ಸಾಧಿಸಿದರು. ಸಾಧಾರಣವಾದ ಕೆಲವು ನಿಬಂಧನೆಗಳಿಗೊಳಪಟ್ಟು, ಅತ್ಯಂತ ಜಾಣ್ಮೆಯಿಂದ ಗೊತ್ತುಮಾಡಿದ ಕನಿಷ್ಠ ಬೆಲೆಗಿಂತಲೂ ಹೆಚ್ಚಿಗೆ ಬಂದ ಒಬ್ಬ ಗಿರಾಕಿಯೇ ಮಾರುವವನಿಗೆ ಹೆಚ್ಚು ಲಾಭಕರ. ಬೇಲಿ ಬೇಡವೆಂದು ಇದರ ಅರ್ಥವಲ್ಲ. ಗುಜರಿಯವನು 600 ಕೊಡಲು ಬಾಗಿಲಲ್ಲಿ ನಿಂತಿರುವಾಗ ಅದಕ್ಕಿಂತ ಕೆಳಗೆ ಯಾರೂ ಮಾರಬೇಕಾಗಿಲ್ಲ. ಆದರೆ ಬೇಲಿಯು ಎತ್ತರವಾದಷ್ಟೂ ಹಣಿಕಿ ನೋಡುವವರು ಕಡಿಮೆಯಾಗುತ್ತಾರೆ. ಕೆಳಮಟ್ಟದಿಂದ ಆರಂಭವಾದ ಹರಾಜಿಗೆ ಜನ ಸೇರುತ್ತದೆ. ಜನ ಸೇರಿದರೆ ಬೆಲೆ ತಾನಾಗಿಯೇ ಏರುತ್ತದೆ.

ಗೆದ್ದವನ ಅಳುಕು

ಗಿರಾಕಿಗಳು ಬಂದರೂ ಧೈರ್ಯವಾಗಿ ಕೂಗದಿರುವುದುಂಟು. ಇದಕ್ಕೆ ಕಾರಣವನ್ನು ತಿಳಿಯಲು ಒಂದು ಹಳೆಯ ಕಥೆಯನ್ನು ನೆನೆಯಬಹುದು. ಕ್ರಿ.ಶ. 193ರಲ್ಲಿ ರೋಮಿನ ಅರಮನೆಯ ಕಾವಲುಪಡೆಯವರು ಚಕ್ರವರ್ತಿ ಪರ್ಟಿನ್ಯಾಕ್ಸನನ್ನು ಕೊಂದು, ಸಾಮ್ರಾಜ್ಯವನ್ನೇ ಹರಾಜಿಗಿಟ್ಟರು. ಸತ್ತವನ ಮಾವನಾದ ಸುಲ್ಪಿಸಿಯಾನಸನು ಪಾಳೆಯದ ಒಳಗಿನಿಂದಲೂ, ಡಿಡಿಯಸ್ ಜೂಲಿಯಾನಸನೆಂಬ ಧನಿಕನು ಹೊರಗಿನಿಂದಲೂ ಸವಾಲು ಕೂಗಿದರು. ಸುಲ್ಪಿಸಿಯಾನಸನು ತಲೆಗೆ 20,000 ನಾಣ್ಯಗಳೆಂದನು. ಜೂಲಿಯಾನಸನು ಒಮ್ಮೆಲೆ 25,000ಕ್ಕೆ ಏರಿಸಿ ಸಿಂಹಾಸನವನ್ನು ಕೊಂಡನು. ಅವನ ಆಳ್ವಿಕೆ ನಡೆದುದು 66 ದಿನ ಮಾತ್ರ. ಬಳಿಕ ಅವನೂ ಹತನಾದನು. ಕೊಂಡ ವಸ್ತುವಿನ ನಿಜವಾದ ಬೆಲೆಯನ್ನು ಅವನು ಹೆಚ್ಚಾಗಿ ಎಣಿಸಿದ್ದನು. ಎಲ್ಲರಿಗಿಂತ ಹೆಚ್ಚಾಗಿ ಎಣಿಸಿದ್ದರಿಂದಲೇ ಗೆದ್ದಿದ್ದನು.

1971ರಲ್ಲಿ ಅಮೆರಿಕದ ಮೂವರು ತೈಲ ಎಂಜಿನಿಯರುಗಳು ಮೆಕ್ಸಿಕೋ ಕೊಲ್ಲಿಯ ಎಣ್ಣೆ ನಿಕ್ಷೇಪಗಳ ಹರಾಜುಗಳನ್ನು ಪರಿಶೀಲಿಸಿ ಇದೇ ಮಾತನ್ನು ಹೇಳಿದರು. ನೆಲದಡಿಯ ಎಣ್ಣೆ ಎಷ್ಟೆಂಬುದು ಯಾರಿಗೂ ಗೊತ್ತಿಲ್ಲ. ಒಬ್ಬೊಬ್ಬರ ಅಂದಾಜು ಒಂದೊಂದು ಬಗೆ. ಅತಿ ಹೆಚ್ಚು ಅಂದಾಜು ಮಾಡಿದವನೇ ಗೆಲ್ಲುವುದರಿಂದ, ಗೆದ್ದವನು ಮೋಸಹೋಗಿರುವ ಸಂಭವವೇ ಅಧಿಕ. ಇದಕ್ಕೆ ‘ಗೆದ್ದವನ ಶಾಪ’ ಎಂಬ ಹೆಸರು ಬಂದಿದೆ. ಈ ಶಾಪವನ್ನರಿತ ಗಿರಾಕಿ ಮುಂಜಾಗ್ರತೆಯಿಂದ ಕೆಳಗೇ ಕೂಗುತ್ತಾನೆ. ಅದರ ನಷ್ಟ ಮಾರುವವನಿಗೆ.

ಹಾಗಾದರೆ ಅಳುಕನ್ನು ಕಳೆಯುವ ಬಗೆಯೇನು? ವಸ್ತುವಿನ ಗುಣದೋಷಗಳನ್ನು ತೆರೆದಿಡುವುದು. ಪಾಲ್ ಮಿಲ್‌ಗ್ರಮ್ ಮತ್ತು ರಾಬರ್ಟ್ ವೆಬರ್ ಎಂಬವರು 1982ರಲ್ಲಿ ತೋರಿಸಿದಂತೆ, ಮಾರುವವನು ತಾನು ಬಲ್ಲುದನ್ನೆಲ್ಲ ಪ್ರಾಮಾಣಿಕವಾಗಿ ಹೇಳುವ ಪದ್ಧತಿಯನ್ನಿಟ್ಟುಕೊಂಡರೆ ಅವನಿಗೆ ಬರುವ ಬೆಲೆಯು ಸರಾಸರಿಯಲ್ಲಿ ಕಡಿಮೆಯಾಗುವುದಿಲ್ಲ, ಏರುತ್ತದೆ. ಮಿಲ್‌ಗ್ರಮ್ ಅವರಿಗೂ ಅವರ ಗುರುಗಳಾದ ರಾಬರ್ಟ್ ವಿಲ್ಸನ್ನರಿಗೂ 2020ರಲ್ಲಿ ನೊಬೆಲ್ ಬಹುಮಾನ ದೊರೆತುದು ಹರಾಜಿನ ಈ ಶಾಸ್ತ್ರಕ್ಕಾಗಿಯೇ.

ನಮ್ಮ ಮೋಟರಿಗೆ ಇದನ್ನು ಅನ್ವಯಿಸೋಣ. ‘ಹಳೆಯ ಮೋಟರು ಮಾರಾಟಕ್ಕಿದೆ, ಚೆನ್ನಾಗಿದೆ’ ಎಂದು ಬರೆದರೆ ಓದುವವನಿಗೆ ಏನು ತಿಳಿಯಿತು? ಅದರ ಬದಲು, ಹೆಸರಿನ ತಗಡನ್ನು ಒರೆಸಿ ಅಕ್ಷರಗಳು ಓದಲು ಬರುವಂತೆ ಹಗಲು ಬೆಳಕಿನಲ್ಲಿ ಚಿತ್ರ ತೆಗೆಯಬೇಕು. ಎಷ್ಟು ಅಶ್ವಶಕ್ತಿ, ಒಂದು ಫೇಸೋ ಮೂರು ಫೇಸೋ, ನಿಮಿಷಕ್ಕೆ ಎಷ್ಟು ಸುತ್ತು, ತೂಕ ಎಷ್ಟು, ಇವನ್ನು ಬರೆಯಬೇಕು. ತುಕ್ಕು ಹಿಡಿದ ಭಾಗದ ಚಿತ್ರವನ್ನೂ ಹಾಕಬೇಕು. ‘ಓಡಿಸಿ ನೋಡಿದೆವು, ಓಡುತ್ತದೆ, ಆದರೆ ಬೇರಿಂಗು ಸದ್ದು ಮಾಡುತ್ತದೆ’ ಎಂಬ ಒಂದು ವಾಕ್ಯವು ಹತ್ತು ಹೊಗಳಿಕೆಗಳಿಗಿಂತ ಮೇಲು. ಬೇರಿಂಗನ್ನು ಬದಲಾಯಿಸುವ ಖರ್ಚು ಗಿರಣಿಯವನಿಗೆ ಗೊತ್ತು. ಅಷ್ಟನ್ನು ಕಳೆದು ಉಳಿದುದನ್ನು ಅವನು ನಿರ್ಭಯವಾಗಿ ಕೂಗುತ್ತಾನೆ. ದೋಷವನ್ನು ಮುಚ್ಚಿಟ್ಟರೆ ಇಲ್ಲದ ದೋಷಗಳನ್ನೂ ಊಹಿಸಿಕೊಂಡು ಹಿಂಜರಿಯುತ್ತಾನೆ. ವಸ್ತುವಿನ ಹೆಸರನ್ನು ತಪ್ಪಿಲ್ಲದೆ ಬರೆಯುವುದೂ ಮುಖ್ಯ. ಅಂತರ್ಜಾಲದಲ್ಲಿ ಜನರು ಹುಡುಕುವುದು ಅಕ್ಷರಗಳಿಂದ. ಒಂದಕ್ಷರ ತಪ್ಪಿದರೆ ನಮ್ಮ ‘ಎರಡನೆಯವನು’ ಬಾಗಿಲವರೆಗೆ ಬಂದು ಕಾಣದೆ ಹಿಂದಿರುಗಿಯಾನು.

ಮಾರುವವನ ಹೆಸರಿಗೂ ಬೆಲೆಯುಂಟು. ಅಮೆರಿಕದಲ್ಲಿ ಹಳೆಯ ಚಿತ್ರಕಾರ್ಡುಗಳನ್ನು ಮಾರುತ್ತಿದ್ದ ಅನುಭವಿ ವ್ಯಾಪಾರಿಯೊಬ್ಬನ ನೆರವಿನಿಂದ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಒಂದೇ ಬಗೆಯ ಕಾರ್ಡುಗಳನ್ನು ಈಬೇಯಲ್ಲಿ ಅವನ ಹಳೆಯ ಹೆಸರಿನಲ್ಲಿಯೂ, ಯಾರೂ ಅರಿಯದ ಹೊಸ ಹೆಸರುಗಳಲ್ಲಿಯೂ ಮಾರಿಸಿದರು. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹಳೆಯ ಹೆಸರಿಗೆ ಕೊಳ್ಳುವವರು ನೂರಕ್ಕೆ ಸುಮಾರು 8ರಷ್ಟು ಹೆಚ್ಚು ಕೊಡಲು ಸಿದ್ಧರಿದ್ದರು. ವಸ್ತು ಅದೇ, ಚಿತ್ರ ಅದೇ ಬಗೆ. ಹೆಚ್ಚಿಗೆ ಬಂದುದು ನಂಬಿಕೆಯ ಬೆಲೆ.

ಕೊನೆಯ ನಿಮಿಷ

ಅಂತರ್ಜಾಲದ ಹರಾಜಿನಲ್ಲಿ ‘ಮೂರು ಸಾರಿ’ ಎನ್ನುವವನಿಲ್ಲ, ಗಡಿಯಾರವೇ ಸುತ್ತಿಗೆ. ಆದುದರಿಂದ ಅನೇಕರು ಕೊನೆಯ ಕ್ಷಣದವರೆಗೆ ಹೊಂಚುಹಾಕಿ, ಎದುರಾಳಿಗೆ ಉತ್ತರ ಕೊಡಲು ಬಿಡುವಿಲ್ಲದಂತೆ ಸವಾಲು ಹಾಕುತ್ತಾರೆ. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್ 2002ರಲ್ಲಿ ಇದನ್ನು ವಿವರಿಸಿದರು. ಈಬೇಯಲ್ಲಿ ಹರಾಜು ಗೊತ್ತಾದ ಕ್ಷಣಕ್ಕೆ ಮುಗಿಯುತ್ತಿತ್ತು. ಅಮೆಜಾನ್ ಸಂಸ್ಥೆಯು ಆ ಕಾಲದಲ್ಲಿ ನಡೆಸುತ್ತಿದ್ದ ಹರಾಜುಗಳಲ್ಲಿ ಕೊನೆಯ ನಿಮಿಷಗಳಲ್ಲಿ ಹೊಸ ಸವಾಲು ಬಂದರೆ ಅವಧಿಯು ತಾನಾಗಿಯೇ ಮುಂದುವರಿಯುತ್ತಿತ್ತು. ಹೊಂಚುಹಾಕುವ ಚಾಳಿ ಈಬೇಯಲ್ಲಿಯೇ ಬಹಳ ಹೆಚ್ಚಾಗಿತ್ತು. ನಮ್ಮಲ್ಲಿಯೂ ಅನೇಕ ಸರ್ಕಾರಿ ಹರಾಜುಗಳಲ್ಲಿ ಅವಧಿ ಮುಂದುವರಿಯುವ ನಿಯಮವನ್ನೇ ಇಟ್ಟಿದ್ದಾರೆ. ಎರಡನೆಯವನಿಗೆ ಉಸಿರಾಡಲು ಅವಕಾಶ ಕೊಡುವುದೇ ಇದರ ಉದ್ದೇಶ.

ಎರಡನೆಯವನ ಮಹತ್ತ್ವವನ್ನು ಕಂಡು, ಅವನು ಇಲ್ಲದಿದ್ದರೆ ಸೃಷ್ಟಿಸಿಬಿಡೋಣವೆಂದು ಯೋಚಿಸುವವರೂ ಇದ್ದಾರೆ. ಸ್ನೇಹಿತನಿಂದಲೋ ಬೇರೊಂದು ಹೆಸರಿನಿಂದಲೋ ತನ್ನ ವಸ್ತುವಿಗೆ ತಾನೇ ಸುಳ್ಳು ಸವಾಲು ಹಾಕಿಸುವುದು ಶುದ್ಧ ವಂಚನೆ. ಹರಾಜಿನ ತಾಣಗಳು ಇದನ್ನು ನಿಷೇಧಿಸಿವೆ. ಕೊಳ್ಳುವವರ ಕಡೆಯ ವಂಚನೆ ಇದಕ್ಕೆ ಪ್ರತಿಯಾದುದು. ವ್ಯಾಪಾರಿಗಳೆಲ್ಲ ಒಳಗೊಳಗೇ ಮಾತನಾಡಿಕೊಂಡು, ‘ಇಂದು ನೀನು ಕೊಳ್ಳು, ನಾಳೆ ನಾನು’ ಎಂದು ಸುಮ್ಮನಿದ್ದುಬಿಟ್ಟರೆ ಕಣದಲ್ಲಿ ಹತ್ತು ಮಂದಿ ನಿಂತಿದ್ದರೂ ಎರಡನೆಯವನೇ ಇಲ್ಲವಾಗುತ್ತಾನೆ.

ರೈತನ ಮೂಟೆ

ಈ ಕೊನೆಯ ಮಾತು ಹಿತ್ತಿಲಿನ ಮೋಟರಿಗಿಂತ ನಮ್ಮ ರೈತನ ಮೂಟೆಗೆ ಹೆಚ್ಚಾಗಿ ಅನ್ವಯಿಸುತ್ತದೆ. ರೈತನು ಬೆಳೆಯನ್ನು ಗಾಡಿಯಲ್ಲಿ ಹೇರಿ ಮಾರುಕಟ್ಟೆಯ ಅಂಗಳಕ್ಕೆ ತಂದ ಮೇಲೆ ಹಿಂದಕ್ಕೆ ಒಯ್ಯುವುದು ಕಷ್ಟ. ಆ ದಿನ ಆ ಅಂಗಳದಲ್ಲಿ ಇಬ್ಬರೇ ವ್ಯಾಪಾರಿಗಳಿದ್ದರೆ, ಅವರಿಬ್ಬರೂ ಒಂದೇ ಆಗಿಬಿಟ್ಟರೆ, ವರ್ಷದ ದುಡಿಮೆಗೆ ಬೆಲೆ ಕಟ್ಟುವವರು ಯಾರು?

ಕರ್ನಾಟಕ ಸರ್ಕಾರವು 2014ರಲ್ಲಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವೀಸಸ್ ಎಂಬ ಜಂಟಿ ಸಂಸ್ಥೆಯ ಮೂಲಕ ರಾಜ್ಯದ ಕೃಷಿ ಮಾರುಕಟ್ಟೆಗಳನ್ನು ಒಂದೇ ಅಂತರ್ಜಾಲ ವೇದಿಕೆಗೆ ಜೋಡಿಸುವ ಕಾರ್ಯವನ್ನು ಕೈಗೊಂಡಿತು. ರೈತನ ಮಾಲಿಗೆ ಬಾಗಿಲಿನಲ್ಲಿಯೇ ಒಂದು ಲಾಟು ಸಂಖ್ಯೆ. ವ್ಯಾಪಾರಿಗಳ ಸವಾಲು ಗಣಕಯಂತ್ರದಲ್ಲಿ, ಒಬ್ಬರದು ಒಬ್ಬರಿಗೆ ಕಾಣದಂತೆ. ಗೆದ್ದ ಬೆಲೆಯ ಸುದ್ದಿ ರೈತನ ದೂರವಾಣಿಗೆ. ಒಪ್ಪುವುದೂ ಬಿಡುವುದೂ ಅವನ ಇಚ್ಛೆ. ಒಂದೇ ಪರವಾನಗಿಯಿಂದ ದೂರದ ಊರಿನ ವ್ಯಾಪಾರಿಯೂ ಸವಾಲು ಹಾಕುವಂತಾಯಿತು. ಕೇಂದ್ರ ಸರ್ಕಾರದ ‘ಇ-ನಾಮ್’ ಯೋಜನೆ ಆರಂಭವಾದುದು ಇದಾದ ಮೇಲೆ, 2016ರಲ್ಲಿ.

ಇದರಿಂದ ಬೆಲೆ ಏರಿತೆ? ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಈ ವೇದಿಕೆಯ ಅಂಕಿ-ಅಂಶಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಭತ್ತದ ಬೆಲೆ ನೂರಕ್ಕೆ 5.1, ಶೇಂಗಾದ ಬೆಲೆ 3.6, ಮೆಕ್ಕೆಜೋಳದ ಬೆಲೆ 3.5ರಷ್ಟು ಏರಿತು. ಎಲ್ಲ ಬೆಳೆಗಳಲ್ಲಿಯೂ ಹೀಗಾಗಲಿಲ್ಲ. ಯಂತ್ರವನ್ನು ತಂದಿಟ್ಟ ಮಾತ್ರಕ್ಕೆ ಎರಡನೆಯ ಗಿರಾಕಿ ಹುಟ್ಟಿಬರುವುದಿಲ್ಲ.

ಆದುದರಿಂದ ಅದೇ ಸಂಶೋಧಕರು ಮಾರುಕಟ್ಟೆಯ ಅಧಿಕಾರಿಗಳೊಡನೆ ಸೇರಿ ಇನ್ನೊಂದು ಹೆಜ್ಜೆಯಿಟ್ಟರು. 2019ರಲ್ಲಿ ರಾಜ್ಯದ ಒಂದು ದೊಡ್ಡ ಬೇಳೆಕಾಳಿನ ಮಾರುಕಟ್ಟೆಯಲ್ಲಿ ಹರಾಜನ್ನು ಎರಡು ಸುತ್ತು ಮಾಡಿದರು. ಮೊದಲನೆಯ ಸುತ್ತು ಎಂದಿನ ಗುಟ್ಟಿನ ಟೆಂಡರು. ಅದರಲ್ಲಿ ಮೇಲಿನ ಬೆಲೆ ಬರೆದವರಿಗೆ ಮಾತ್ರ ಎರಡನೆಯ ಸುತ್ತಿನಲ್ಲಿ ತಮ್ಮ ಬೆಲೆಯನ್ನು ಏರಿಸಿಕೊಳ್ಳಲು ಅವಕಾಶ. ಹೊಸ ವ್ಯಾಪಾರಿಗಳು ಬರಲಿಲ್ಲ, ಕಾಳಿನ ಗುಣ ಬದಲಾಗಲಿಲ್ಲ. ಆದರೂ ಬೆಲೆ ನೂರಕ್ಕೆ 4.7ರಷ್ಟು ಏರಿತು, ಇದರ ಪ್ರಯೋಜನ ಹತ್ತು ಸಾವಿರಕ್ಕೂ ಹೆಚ್ಚು ರೈತರಿಗೆ ಮುಟ್ಟಿತು. ಕಾರಣವನ್ನು ನಾವು ಹೀಗೆ ತಿಳಿಯಬಹುದು. ಮೊದಲ ಸುತ್ತಿನಲ್ಲಿ ಕತ್ತಲೆಯಲ್ಲಿದ್ದ ಎರಡನೆಯವನು ಎರಡನೆಯ ಸುತ್ತಿನಲ್ಲಿ ಬೆಳಕಿಗೆ ಬಂದನು. ತನ್ನ ಬೆನ್ನ ಹಿಂದೆಯೇ ಒಬ್ಬನಿದ್ದಾನೆಂದು ತಿಳಿದಾಗ ಮುಂದಿನವನ ಹೆಜ್ಜೆ ಬಿರುಸಾಯಿತು.

ನೂರಕ್ಕೆ 4.7 ಎಂಬುದು ಅಲ್ಪವೆಂದು ತೋರಬಹುದು. ಕ್ವಿಂಟಾಲಿಗೆ 5000 ರೂಪಾಯಿ ಬೆಲೆಯ ಕಾಳನ್ನು ಇಪ್ಪತ್ತು ಕ್ವಿಂಟಾಲು ಬೆಳೆದ ರೈತನಿಗೆ ಇದು 4700 ರೂಪಾಯಿ. ಬಿತ್ತನೆ, ಗೊಬ್ಬರ, ಕೂಲಿಗಳ ಖರ್ಚೆಲ್ಲ ಆಗಲೇ ಮುಗಿದಿರುವುದರಿಂದ ಹೆಚ್ಚಿಗೆ ಬಂದ ಈ ಹಣವೆಲ್ಲ ಉಳಿತಾಯವೇ. ಮಗಳ ಕಾಲೇಜಿನ ಶುಲ್ಕಕ್ಕೋ ಅಂಗಡಿಯ ಸಾಲಕ್ಕೋ ಆಗುವ ಹಣ ಅದು. ಮಳೆ ಹೆಚ್ಚಾಗಲಿಲ್ಲ, ನೆಲ ಹೆಚ್ಚಾಗಲಿಲ್ಲ; ಹರಾಜಿನ ನಿಯಮವೊಂದು ಬದಲಾಯಿತು, ಅಷ್ಟೆ.

ಇನ್ನು ಬೈಯಪ್ಪನಹಳ್ಳಿಯ ನಮ್ಮ ಮೋಟರಿಗೆ ಹಿಂದಿರುಗೋಣ. ಚಿತ್ರ ತೆಗೆದುದಾಯಿತು, ದೋಷವನ್ನು ಬರೆದುದಾಯಿತು, ಸಾಗಣೆಯ ಖರ್ಚು ಯಾರದೆಂಬುದನ್ನು ಮೊದಲೇ ಹೇಳಿದುದಾಯಿತು, ಗುಜರಿಯ ಬೆಲೆಗಿಂತ ಸ್ವಲ್ಪವೇ ಮೇಲಿನಿಂದ ಹರಾಜು ಆರಂಭವಾಯಿತು. ಕೊನೆಗೊಂದು ದಿನ ತುಮಕೂರಿನ ಗಿರಣಿಯವನು ಬಂದು ಮೋಟರನ್ನು ಕೊಂಡೊಯ್ಯುತ್ತಾನೆ. ಮನೆಯವರು ಅವನಿಗೆ ಕಾಫಿ ಕೊಟ್ಟು ಬೀಳ್ಕೊಡುತ್ತಾರೆ. ಅವರ ಕೈಗೆ 600ರ ಬದಲು 3050 ರೂಪಾಯಿ ಬರುವಂತೆ ಮಾಡಿದ ಕೋಲಾರದ ರೈತನನ್ನು ಮಾತ್ರ ಅವರು ಎಂದಿಗೂ ಕಾಣುವುದಿಲ್ಲ. ಅವನ ಹೆಸರೂ ಅವರಿಗೆ ತಿಳಿಯದು. ಹರಾಜಿನಲ್ಲಿ ಮಾರುವವನು ಋಣಿಯಾಗಿರಬೇಕಾದುದು ಈ ಕಾಣದ ಸೋತವನಿಗೆ.